ಹಿಮನಾಡು ನಾರ್ವೆಯಲ್ಲಿ ವಿದ್ಯುತ್ ಕಾರಿನ ಫಾಸ್ಟ್ ಚಾರ್ಜಿಂಗ್

ನಾರ್ವೆ ಯುರೋಪಿನ ಉತ್ತರ ತುದಿಯ ದೇಶ. ಇಲ್ಲಿನ ಕರಾಶೋಕ್ ಎಂಬ ಊರಿನಲ್ಲಿ 1886ರ ಜನವರಿ 1ರಂದು ಮೈನಸ್ 51.4 ಡಿಗ್ರಿ ಸೆಲ್ಸಿಯಸ್ ಚಳಿ ದಾಖಲಾಗಿತ್ತು. ಇಂಥ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳ ಪೈಕಿ ನೂರಕ್ಕೆ ಸುಮಾರು 89 ಬರೀ ಬ್ಯಾಟರಿಯಿಂದಲೇ ಓಡುವ ಕಾರುಗಳು. ವಿದ್ಯುತ್ ಕಾರುಗಳಿಗೆ 2001ರಲ್ಲೇ ಮೌಲ್ಯವರ್ಧಿತ ತೆರಿಗೆಯಿಂದ ವಿನಾಯಿತಿ ಸಿಕ್ಕಿದ್ದು ಇದಕ್ಕೆ ಒಂದು ಮುಖ್ಯ ಕಾರಣ. ಆದರೆ ಚಳಿಗಾಲದಲ್ಲಿ ದೂರ ಪ್ರಯಾಣ ಮಾಡುವವರಿಗೆ ಒಂದು ತೊಡಕು ಎದುರಾಗುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆಯೊಳಗೆ ಮುಗಿಯುವ ಚಾರ್ಜಿಂಗ್ ಆಗ ಒಂದು ಗಂಟೆ ದಾಟುವುದುಂಟು.

ಫಾಸ್ಟ್ ಚಾರ್ಜಿಂಗ್ ಎಂದರೆ

ಮನೆಯಲ್ಲಿ ಸಿಗುವುದು ಎ.ಸಿ. ವಿದ್ಯುತ್. ಅದನ್ನು ಕಾರಿನೊಳಗಿನ ಉಪಕರಣ ಡಿ.ಸಿ.ಗೆ ಬದಲಿಸಿ ಬ್ಯಾಟರಿಗೆ ನಿಧಾನವಾಗಿ ತುಂಬುತ್ತದೆ. ಫಾಸ್ಟ್ ಚಾರ್ಜರ್ ಹಾಗಲ್ಲ, ನೇರವಾಗಿ ಡಿ.ಸಿ. ವಿದ್ಯುತ್ತನ್ನೇ ಕೊಡುತ್ತದೆ. ಹಳೆಯ ಕೇಂದ್ರಗಳಲ್ಲಿ 50 ಕಿಲೋವಾಟ್ ಸಾಮರ್ಥ್ಯದ ಯಂತ್ರಗಳಿದ್ದರೆ ಹೊಸ ಕೇಂದ್ರಗಳಲ್ಲಿ 150 ಕಿಲೋವಾಟ್ ಮತ್ತು ಅದಕ್ಕಿಂತ ಹೆಚ್ಚಿನವು ಇವೆ. ಆದರೆ ಎಷ್ಟು ವಿದ್ಯುತ್ ಪಡೆಯಬೇಕೆಂದು ತೀರ್ಮಾನಿಸುವುದು ಚಾರ್ಜರ್ ಅಲ್ಲ, ಕಾರು. ಬ್ಯಾಟರಿ ತಣ್ಣಗಿದ್ದರೆ ಎಷ್ಟೇ ದೊಡ್ಡ ಚಾರ್ಜರ್‌ಗೆ ಜೋಡಿಸಿದರೂ ವೇಗ ಸಿಗದು.

ಚಳಿಯಲ್ಲಿ ವೇಗ ಕುಗ್ಗುವುದೇಕೆ?

ಲಿಥಿಯಂ ಬ್ಯಾಟರಿಯಲ್ಲಿ ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಒಂದು ದ್ರವದ ಮೂಲಕ ಸಾಗಿ ಗ್ರಾಫೈಟ್‌ನ ಪದರಗಳೊಳಗೆ ಸೇರಿಕೊಳ್ಳುತ್ತವೆ. ಚಳಿಗಾಲದ ಬೆಳಿಗ್ಗೆ ತೆಂಗಿನೆಣ್ಣೆ ಮಂದವಾಗುವಂತೆ ಈ ದ್ರವವೂ ಶೀತಕ್ಕೆ ಮಂದವಾಗುತ್ತದೆ. ಗ್ರಾಫೈಟ್‌ನೊಳಗೆ ಅಯಾನುಗಳು ಇಳಿಯುವುದೂ ನಿಧಾನವಾಗುತ್ತದೆ. ಆಗ ಬಲವಂತವಾಗಿ ವಿದ್ಯುತ್ ಹಾಯಿಸಿದರೆ ಲಿಥಿಯಂ ಒಳಗೆ ಹೋಗದೆ ಮೇಲ್ಮೈಯಲ್ಲೇ ಲೋಹವಾಗಿ ಕೂಡುತ್ತದೆ. ಇದರಿಂದ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗಬಹುದು, ಒಳಗೇ ಶಾರ್ಟ್ ಸರ್ಕ್ಯೂಟ್ ಕೂಡ ಆಗಬಹುದು. ಈ ಅಪಾಯ ತಪ್ಪಿಸಲು ಕಾರಿನ ನಿಯಂತ್ರಣ ವ್ಯವಸ್ಥೆಯೇ ವೇಗವನ್ನು ತಗ್ಗಿಸುತ್ತದೆ.

ಒಂದು ಲೆಕ್ಕ ನೋಡಿ. 60 ಯೂನಿಟ್ ಸಾಮರ್ಥ್ಯದ ಬ್ಯಾಟರಿಯನ್ನು ಶೇಕಡ 10ರಿಂದ 80ಕ್ಕೆ ತುಂಬಲು 42 ಯೂನಿಟ್ ಬೇಕು. ಸರಾಸರಿ 100 ಕಿಲೋವಾಟ್ ಸಿಕ್ಕರೆ ಇದಕ್ಕೆ ಸುಮಾರು 25 ನಿಮಿಷ ಸಾಕು. ಚಳಿಯಿಂದಾಗಿ ಸರಾಸರಿ 40 ಕಿಲೋವಾಟ್‌ಗೆ ಇಳಿದರೆ 63 ನಿಮಿಷ ಬೇಕಾಗುತ್ತದೆ.

ಬ್ಯಾಟರಿಯನ್ನು ಮೊದಲೇ ಬೆಚ್ಚಗಾಗಿಸುವುದು

ಈಗಿನ ಅನೇಕ ಕಾರುಗಳಲ್ಲಿ ಇದಕ್ಕೆ ಪರಿಹಾರವಿದೆ. ಕಾರಿನ ನಕ್ಷೆಯಲ್ಲಿ ಚಾರ್ಜಿಂಗ್ ಕೇಂದ್ರವನ್ನು ಗುರಿಯಾಗಿ ಆರಿಸಿದರೆ, ಅಲ್ಲಿಗೆ ತಲುಪುವ ಮೊದಲೇ ಬ್ಯಾಟರಿ ಬೆಚ್ಚಗಾಗತೊಡಗುತ್ತದೆ. ಇದಕ್ಕೂ ವಿದ್ಯುತ್ ಖರ್ಚಾಗುವುದರಿಂದ ಚಾರ್ಜ್ ತೀರಾ ಕಡಿಮೆಯಿದ್ದಾಗ ಕೆಲವು ಕಾರುಗಳಲ್ಲಿ ಈ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಹಾಗಾಗಿ ಬ್ಯಾಟರಿ ಪೂರ್ತಿ ಬರಿದಾಗುವವರೆಗೆ ಕಾಯುವುದು ಚಳಿಯಲ್ಲಿ ಜಾಣತನವಲ್ಲ.

ಚಳಿಗಾಲದಲ್ಲಿ ಉಪಯೋಗಕ್ಕೆ ಬರುವ ಇತರ ಕ್ರಮಗಳು:

* ರಾತ್ರಿಯಿಡೀ ಹಿಮದಲ್ಲಿ ನಿಂತ ಕಾರನ್ನು ಬೆಳಿಗ್ಗೆ ಎದ್ದೊಡನೆ ಫಾಸ್ಟ್ ಚಾರ್ಜರ್‌ಗೆ ಜೋಡಿಸುವ ಬದಲು, ಹಿಂದಿನ ಸಂಜೆ ಪ್ರಯಾಣ ಮುಗಿದು ಬ್ಯಾಟರಿ ಬೆಚ್ಚಗಿರುವಾಗಲೇ ಚಾರ್ಜ್ ಮಾಡುವುದು.
* ಮನೆಯ ಚಾರ್ಜಿಂಗ್ ಹೊರಡುವ ಹೊತ್ತಿಗೆ ಸರಿಯಾಗಿ ಮುಗಿಯುವಂತೆ ಸಮಯ ನಿಗದಿ ಮಾಡುವುದು.
* ತಂತಿ ಜೋಡಿಸಿರುವಾಗಲೇ ಕಾರಿನ ಒಳಭಾಗವನ್ನು ಬಿಸಿ ಮಾಡಿಕೊಳ್ಳುವುದು.
* ಶೇಕಡ 80ರ ನಂತರ ಚಾರ್ಜಿಂಗ್ ತುಂಬ ನಿಧಾನವಾಗುವುದರಿಂದ, ಮುಂದಿನ ಕೇಂದ್ರ ಹತ್ತಿರವಿದ್ದರೆ ಅಲ್ಲಿಗೇ ನಿಲ್ಲಿಸಿ ಹೊರಡುವುದು.

ಘಟ್ಟದ ದಾರಿಯಲ್ಲಿ ಎಚ್ಚರ

ಚಳಿಯಲ್ಲಿ ಚಾರ್ಜಿಂಗ್ ನಿಧಾನವಾಗುವುದಲ್ಲದೆ ಕಾರು ಓಡುವ ದೂರವೂ ಕಡಿಮೆಯಾಗುತ್ತದೆ. ನಾರ್ವೆಯ ವಾಹನ ಸವಾರರ ಸಂಘಟನೆ ಎನ್‌ಎಎಫ್ 2020ರ ಚಳಿಗಾಲದಲ್ಲಿ 20 ವಿದ್ಯುತ್ ಕಾರುಗಳನ್ನು ಓಡಿಸಿ ನೋಡಿದಾಗ, ಅಧಿಕೃತವಾಗಿ ಹೇಳಿದ್ದ ದೂರಕ್ಕಿಂತ ಸರಾಸರಿ ಐದರಲ್ಲಿ ಸುಮಾರು ಒಂದು ಪಾಲು ಕಡಿಮೆ ಬಂದಿತ್ತು.

ಬೆಟ್ಟದ ಮೇಲಿನ ರಸ್ತೆಗಳಲ್ಲಿ ಇದು ಜೀವದ ಪ್ರಶ್ನೆಯೂ ಆಗಬಲ್ಲದು. ಹಿಮಗಾಳಿ ಎದ್ದಾಗ ಹಾರ್ಡಾಂಗರ್‌ವಿಡ್ಡಾದಂತಹ ಪ್ರಸ್ಥಭೂಮಿಗಳ ರಸ್ತೆಗಳನ್ನು ಮುಚ್ಚಲಾಗುತ್ತದೆ. ಇಲ್ಲವೇ ಹಿಮ ತೆಗೆಯುವ ವಾಹನದ ಹಿಂದೆ ಕಾರುಗಳನ್ನು ಸಾಲಾಗಿ ಬಿಡಲಾಗುತ್ತದೆ. ಸರದಿಗಾಗಿ ಗಂಟೆಗಟ್ಟಲೆ ಕಾಯಬೇಕಾದಾಗ ಕಾರಿನೊಳಗಿನ ಬಿಸಿಗೂ ಅದೇ ಬ್ಯಾಟರಿಯೇ ಆಧಾರ. ಆದ್ದರಿಂದ ಘಟ್ಟ ಹತ್ತುವ ಮೊದಲು ಕೆಳಗಿನ ಊರಿನಲ್ಲೇ ಚಾರ್ಜ್ ಮಾಡಿಕೊಂಡು, ಲೆಕ್ಕಕ್ಕಿಂತ ಹೆಚ್ಚಿನ ಚಾರ್ಜ್ ಉಳಿಸಿಕೊಂಡು, ಬೆಚ್ಚನೆಯ ಬಟ್ಟೆ ಮತ್ತು ಹೊದಿಕೆಗಳೊಂದಿಗೆ ಹೊರಡುವುದು ಕ್ಷೇಮ.