ಜಾಲರಿ, ಗಾಜು, ಚಾಸಿ: ಹಳೆಯ ಚಿತ್ರಗಳಲ್ಲಿ ಯುದ್ಧಕಾಲದ ಲಾರಿಗಳ ಗುರುತು

ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಯ ಊರುಗಳಲ್ಲಿ ತೆಗೆದ ಹಳೆಯ ಚಿತ್ರವೊಂದರಲ್ಲಿ ಮೊಂಡು ಮೂತಿಯ ಲಾರಿ ಕಂಡರೆ ಅದನ್ನು ‘ಮಿಲಿಟ್ರಿ ಲಾರಿ’ ಎನ್ನುತ್ತೇವೆ. ಅದು ಸಾಮಾನ್ಯವಾಗಿ ಸರಿಯೇ. ಅಷ್ಟಕ್ಕೇ ಚಿತ್ರವನ್ನೂ ಎರಡನೇ ಮಹಾಯುದ್ಧದ ಕಾಲಕ್ಕೆ ಸೇರಿಸಿಬಿಡುವುದು ಮಾತ್ರ ಸರಿಯಲ್ಲ. ಲಾರಿಯ ಮಾದರಿ ತಿಳಿದರೆ ಚಿತ್ರ ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂಬುದು ತಿಳಿಯುತ್ತದೆ. ಯಾವ ವರ್ಷದ್ದು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. ಸ್ಥಳೀಯ ಚರಿತ್ರೆ ಬರೆಯುವವರು ಈ ಎರಡನ್ನೂ ಬೇರೆಬೇರೆ ಇಟ್ಟುಕೊಳ್ಳಬೇಕೆಂಬುದು ಈ ಲೇಖನದ ವಾದ.

ಯುದ್ಧಕಾಲದಲ್ಲಿ ಕೆನಡಾ 8 ಲಕ್ಷಕ್ಕೂ ಹೆಚ್ಚು ಸೇನಾ ವಾಹನಗಳನ್ನು ತಯಾರಿಸಿತು. ಬ್ರಿಟಿಷ್ ಸೇನೆಯ ಅಳತೆಗೆ ತಕ್ಕಂತೆ ಫೋರ್ಡ್ ಮತ್ತು ಷೆವರ್ಲೆ ಕಂಪನಿಗಳು ಅಲ್ಲಿ ಮಾಡಿದ ‘ಕೆನಡಿಯನ್ ಮಿಲಿಟರಿ ಪ್ಯಾಟರ್ನ್’ ಲಾರಿಗಳು ಭಾರತಕ್ಕೂ ಬಂದವು. ಬಿಡಿಭಾಗಗಳಾಗಿ ಬಂದವನ್ನು ಇಲ್ಲಿನ ಕಾರ್ಖಾನೆಗಳಲ್ಲಿ ಜೋಡಿಸಿದರು. ಸೇನೆಯೂ ಈ ಭಾಗಕ್ಕೆ ದೂರದ್ದಾಗಿರಲಿಲ್ಲ: 1942ರಲ್ಲಿ 25ನೇ ಭಾರತೀಯ ಡಿವಿಜನ್ ಕಟ್ಟಿದ್ದು ಬೆಂಗಳೂರಿನಲ್ಲೇ. ಜಪಾನೀಯರು ದಕ್ಷಿಣ ಭಾರತದ ಮೇಲೆ ಬಂದಿಳಿದರೆ ತಡೆಯುವುದು ಅದರ ಮೊದಲ ಕೆಲಸ. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಗಾಡಿಗಳು ಡಿಸ್ಪೋಸಲ್ ಮಾರಾಟದಲ್ಲಿ ಖಾಸಗಿಯವರ ಕೈಸೇರಿದವು. ಕೊಂಡವರು ಸೇನೆಯ ಬಾಡಿ ಕಿತ್ತು ಮರದ ಬಾಡಿ ಕಟ್ಟಿಸಿದರು, ಬಣ್ಣ ಬದಲಿಸಿದರು, ಕೆಲವನ್ನು ಬಸ್ಸನ್ನಾಗಿಯೂ ಮಾಡಿದರು. ಆದ್ದರಿಂದ ಬಣ್ಣವನ್ನೂ ಹಿಂಬದಿಯ ಬಾಡಿಯನ್ನೂ ನೆಚ್ಚಿ ಮಾದರಿ ಹೇಳುವಂತಿಲ್ಲ. ಕಾರ್ಖಾನೆಯಲ್ಲಿ ಹೇಗಿತ್ತೋ ಹಾಗೇ ಉಳಿಯುವ ಸಾಧ್ಯತೆ ಹೆಚ್ಚಿರುವುದು ಮುಂಭಾಗ ಮತ್ತು ಚಾಸಿ.

ಭೂತಗನ್ನಡಿ ಹಿಡಿದು ಮೊದಲು ಮುಂದಿನ ಗಾಜನ್ನು ನೋಡಬೇಕು. ಕೆನಡಾದ ಈ ಲಾರಿಗಳ ಕ್ಯಾಬಿನ್ ಮೂರು ಹಂತಗಳಲ್ಲಿ ಬದಲಾಯಿತು. ಅವಕ್ಕೆ 11, 12, 13 ಎಂಬ ಸಂಖ್ಯೆಗಳಿವೆ. ಮೊದಲೆರಡರಲ್ಲಿ ಗಾಜು ನೆಟ್ಟಗಿದೆ. 1941ರಿಂದ ಯುದ್ಧ ಮುಗಿಯುವವರೆಗೆ ಬಂದ 13ನೆಯದರಲ್ಲಿ ಗಾಜಿನ ಮೇಲಂಚು ಮುಂದಕ್ಕೆ ಚಾಚಿ, ಕೆಳಅಂಚು ಒಳಕ್ಕೆ ಸರಿದಿದೆ. ಬಿಸಿಲು ಗಾಜಿಗೆ ಹೊಡೆದು ಮೇಲೆ ಹಾರುವ ವಿಮಾನದ ಕಣ್ಣಿಗೆ ಮಿಂಚಬಾರದೆಂದು ಮಾಡಿದ ಏರ್ಪಾಡು ಇದು. ಈ ಓರೆ ಚಿತ್ರದಲ್ಲಿ ಸ್ಪಷ್ಟವಾಗಿದ್ದರೆ ಚಿತ್ರ 1941ಕ್ಕಿಂತ ಹಿಂದಿನದಲ್ಲ ಎಂದು ಧೈರ್ಯವಾಗಿ ಬರೆಯಬಹುದು. ಅನಂತರ ರೇಡಿಯೇಟರ್ ಮುಂದಿನ ಜಾಲರಿ. 13ನೇ ಕ್ಯಾಬಿನ್ನಿನಲ್ಲಿ ಜಾಲರಿಯ ಕಣ್ಣು ಚೌಕವಾಗಿದ್ದರೆ ಫೋರ್ಡ್, ಓರೆಗೆರೆಗಳು ಕತ್ತರಿಸಿ ವಜ್ರಾಕೃತಿ ಮೂಡಿದ್ದರೆ ಷೆವರ್ಲೆ. ಮೂತಿ ಇಷ್ಟು ಮೊಂಡಾಗಿರುವುದಕ್ಕೂ ಕಾರಣವಿದೆ: ಎಂಜಿನ್ನಿನ ಹೆಚ್ಚಿನ ಪಾಲು ಕ್ಯಾಬಿನ್ನಿನ ಒಳಗೆ, ಡ್ರೈವರ್ ಮತ್ತು ಪಕ್ಕದವನ ನಡುವೆ ಕೂತಿದೆ.

ಗಾಡಿ ಪೂರ್ತಿ ಪಕ್ಕಕ್ಕೆ ತಿರುಗಿ ನಿಂತಿದ್ದರೆ ಇನ್ನೊಂದು ಪರೀಕ್ಷೆ ಸಾಧ್ಯ. ಮೂರು ಟನ್ನಿನ ಉದ್ದ ಚಾಸಿಯಲ್ಲಿ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 158 ಅಂಗುಲ, ಗಿಡ್ಡ ಚಾಸಿಯಲ್ಲಿ 134. ಈ ಲಾರಿಗಳಿಗೆ ಹಾಕುತ್ತಿದ್ದ 10.50–20 ಅಳತೆಯ ಟೈರಿನ ಎತ್ತರ ಸುಮಾರು 41 ಅಂಗುಲ. ಚಿತ್ರದಲ್ಲಿ ಗಾಲಿಗಳ ನಡುವಿನ ದೂರ ಟೈರಿನ ಎತ್ತರದ ಸುಮಾರು 3.9 ಪಟ್ಟು ಬಂದರೆ ಉದ್ದ ಚಾಸಿ, 3.3ರ ಹತ್ತಿರ ಬಂದರೆ ಗಿಡ್ಡದ್ದು. ಕೊಂಡವರು ಟೈರಿನ ಅಳತೆ ಬದಲಿಸಿದ್ದರೆ ಈ ಲೆಕ್ಕ ಕೆಡುತ್ತದೆ. ಹಾಗಾಗಿ ಇದು ಪೂರಕ ಸಾಕ್ಷ್ಯ ಮಾತ್ರ.

ಜೀಪಿನ ವಿಷಯ ಸುಲಭ. ಮುಂದಿನ ತಗಡಿನಲ್ಲಿ 9 ಸೀಳುಗಳಿದ್ದರೆ ಯುದ್ಧಕಾಲದ್ದು, 7 ಇದ್ದರೆ ಯುದ್ಧಾನಂತರದ ನಾಗರಿಕ ಮಾದರಿ. 9 ಸೀಳಿನವುಗಳಲ್ಲೂ ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ದುಂಡು ಕೊಳವೆಯಾಗಿದ್ದರೆ ವಿಲ್ಲಿಸ್, ಚೌಕಾಕಾರದ್ದಾದರೆ ಫೋರ್ಡ್.

ಕಾಲನಿರ್ಣಯಕ್ಕೆ ಹೆಚ್ಚು ನೆರವಾಗುವುದು ಗಾಡಿಯ ಮೇಲಿನ ಬರಹ. ಬ್ರಿಟಿಷ್ ಸೇನೆಯ ಸಂಖ್ಯೆಯ ಮುಂದೆ ಲಾರಿಗೆ ಎಲ್, 15 ಹಂಡ್ರೆಡ್‌ವೇಟ್‌ವರೆಗಿನ ಟ್ರಕ್ಕಿಗೆ ಝೆಡ್, ಆಂಬುಲೆನ್ಸಿಗೆ ಎ ಅಕ್ಷರವಿರುತ್ತಿತ್ತು. 25ನೇ ಡಿವಿಜನ್ನಿನ ಗುರುತು ಹಸಿರು ಹಿನ್ನೆಲೆಯ ಮೇಲೆ ಇಸ್ಪೀಟಿನ ಕರಿ ಎಕ್ಕ. ಇವು ಕಂಡರೆ ಗಾಡಿ ಇನ್ನೂ ಸೇನೆಯಲ್ಲಿದ್ದಾಗಿನ ಚಿತ್ರವೆಂದು ಹೇಳಲು ಬಲವಾದ ಆಧಾರ ಸಿಕ್ಕಂತೆ. ನಾಗರಿಕ ನಂಬರ್ ಪ್ಲೇಟ್ ಇದ್ದರೆ ಜಾಗ್ರತೆ ಬೇಕು. ಆಗ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಾಗೆಂದು ಮೈಸೂರಿನ ‘ಎಂ.ವೈ.’ ಅಕ್ಷರ ಕಂಡ ಕೂಡಲೇ ಚಿತ್ರ 1953ರ ಆಚಿನದೆನ್ನುವಂತಿಲ್ಲ. ಪಕ್ಕದ ದಾವಣಗೆರೆ ಮೊದಲಿನಿಂದಲೂ ಮೈಸೂರು ಸಂಸ್ಥಾನದ್ದು, ಅಲ್ಲಿನ ಗಾಡಿ ಇಲ್ಲಿಗೆ ಬರಲು ಗಡಿಯೇನೂ ಅಡ್ಡಿಯಾಗಿರಲಿಲ್ಲ. ಪೆಟ್ರೋಲ್ ರೇಷನ್ನಿನ ದಿನಗಳ ಇದ್ದಿಲು ಬಸ್ಸುಗಳನ್ನೂ ಇಲ್ಲಿ ನೆನೆಯಬೇಕು: ಗಾಡಿಗೆ ಇದ್ದಿಲು ಗ್ಯಾಸಿನ ಕಬ್ಬಿಣದ ಡ್ರಮ್ಮು ಅಂಟಿಕೊಂಡಿದ್ದರೆ ಅದು ಬಹುಮಟ್ಟಿಗೆ ನಾಗರಿಕ ವಾಹನವೇ, ಆದರೆ ಚಿತ್ರ ಯುದ್ಧದ ಆಸುಪಾಸಿನದು. ಸೇನಾ ಲಾರಿಯ ಚಿತ್ರಕ್ಕಿಂತ ಇದೇ ಯುದ್ಧಕಾಲಕ್ಕೆ ಹೆಚ್ಚು ಗಟ್ಟಿ ಸಾಕ್ಷಿ ಎಂದು ನನ್ನ ಅಭಿಪ್ರಾಯ.

ಚಿತ್ರದ ಹಿಂಬದಿಯಲ್ಲಿ ‘ಅರಸೀಕೆರೆ’ ಎಂದಷ್ಟೇ ಬರೆದಿದ್ದರೆ ಮಾದರಿಗಿಂತ ಮೊದಲು ಊರನ್ನೇ ತೀರ್ಮಾನಿಸಬೇಕಾಗುತ್ತದೆ. ಹಾಸನ ಜಿಲ್ಲೆಯ ಅರಸೀಕೆರೆ ಮೈಸೂರು ಸಂಸ್ಥಾನದ ರೈಲ್ವೆ ಜಂಕ್ಷನ್; ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಗೆ ಆಗ ರೈಲೇ ಇರಲಿಲ್ಲ. ಲಾರಿಯ ಹಿಂದೆ ಹಳಿ, ಗೂಡ್ಸ್ ವ್ಯಾಗನ್ನು, ಸಿಗ್ನಲ್ ಕಂಬ ಕಂಡರೆ ಆ ಚಿತ್ರವನ್ನು ಹಾಸನದ ಕಡತಕ್ಕೆ ಕಳಿಸಬೇಕು. ಅವು ಕಾಣದಿದ್ದ ಮಾತ್ರಕ್ಕೆ ನಮ್ಮದೆಂದು ಇಟ್ಟುಕೊಳ್ಳುವಂತಿಲ್ಲ. ಚಿತ್ರ ಯಾವ ಮನೆಯಿಂದ ಬಂತು, ಅದರಲ್ಲಿ ನಿಂತವರು ಯಾರ ಪೈಕಿ ಎಂದು ಆ ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಮಾದರಿಯ ವಿವರದ ಜೊತೆಗೇ ಬರೆದಿಡಬೇಕು.