ಗಾಳದ ತುದೀಲಿರೋ ಮೊಳ ದಾರ

ಹೋದ ವರ್ಷ ಮಗಳ ಬಾಣಂತನಕ್ಕೆ ಅಂತ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇದ್ದೆನಲ್ಲ, ಆಗ ಪಕ್ಕದ ಮನೆ ತಾತ ಒಂದು ತಗಡಿನ ಡಬ್ಬಿ ತಂದು ತೋರಿಸಿದ್ರು. ಅವರು ಕೆನೆಟ್ ಹೊಳೇಲಿ ಬಾರ್ಬೆಲ್ ಮೀನು ಹಿಡಿಯೋರು. ಡಬ್ಬಿ ಅವರ ಅಪ್ಪನ ಕಾಲದ್ದು. ಒಳಗೆ ಸುತ್ತಿಟ್ಟ ಹೊಂಬಣ್ಣದ ಎಳೆಗಳು, ಒಣಗಿ ಕಡ್ಡಿ ಆಗಿದ್ವು. "ಇದು ರೇಷ್ಮೆ ಹುಳದ ಕರುಳಂತೆ ಕಣಮ್ಮ" ಅಂತ ಮಗಳು ಕನ್ನಡ ಮಾಡಿ ಹೇಳಿದ್ಲು.

ನಾನೋ ಕನಕಪುರದ ಕಡೆ ಹುಳದ ಮನೇಲೇ ಬೆಳೆದೋಳು. ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡೋಕೆ ಅವ್ವನ ಜೊತೆ ರಾತ್ರಿಯೆಲ್ಲ ಎದ್ದಿದ್ದೀನಿ. ಹುಳದಿಂದ ಸೀರೆ ಆಗೋದು ಗೊತ್ತು, ಗಾಳದ ದಾರ ಆಗೋದು ಗೊತ್ತೇ ಇರ್ಲಿಲ್ಲ. ಮೊಮ್ಮಗು ಮಲಗಿದಾಗೆಲ್ಲ ಮಗಳ ಹತ್ರ ಓದಿಸಿ, ತಾತನ್ನ ಕೇಳಿ, ಒಂದಷ್ಟು ತಿಳ್ಕೊಂಡೆ.

ಮೊದಲು ಮೀನಿನ ವಿಷಯ. ಬಾರ್ಬೆಲ್‌ಗೆ ನಾಲ್ಕು ಮೀಸೆ, ಬಾಯಿ ಮುಖದ ಅಡೀಲಿ. ಓಡೋ ನೀರಿನ ತಳದಲ್ಲಿ, ಗುಂಡುಕಲ್ಲಿನ ಸಂದೀಲಿ ಮೇವು ಹುಡುಕುತ್ತೆ. ಕರೆಂಟ್ ಹೋದಾಗ ನಾವು ಅಡುಗೆಮನೇಲಿ ಬೆಂಕಿಪೊಟ್ಟಣ ತಡಕ್ತೀವಲ್ಲ, ಹಾಗೆ ಮೀಸೇಲೇ ತಡಕಿ ನೋಡೋದು. ದಾರ ಒರಟಾಗಿ ತಾಕಿದ್ರೆ ಬಿಟ್ಟು ಹೋಗುತ್ತೆ. ಅದಕ್ಕೇ ಗಾಳದ ಉದ್ದ ದಾರ ಬೇರೆ, ಕೊಕ್ಕೆಗೆ ಕಟ್ಟೋ ಕೊನೇ ಮೊಳವೋ ಎರಡು ಮೊಳವೋ ಬೇರೆ. ಅದಕ್ಕೆ ಹುಕ್ ಲೆಂಥ್ ಅಂತಾರೆ. ಅದು ಮೀಸೆಗೆ ತಿಳೀದಷ್ಟು ಮೆತ್ತಗಿರಬೇಕು, ಕಲ್ಲಿಗೆ ಉಜ್ಜಿದ್ರೂ ತಾಳಬೇಕು. ಇನ್ನೊಂದಿದೆ, ಅದು ಉದ್ದ ದಾರಕ್ಕಿಂತ ಸ್ವಲ್ಪ ಕಡಿಮೆ ಬಲದ್ದೇ ಆಗಿರಬೇಕು. ಎಲ್ಲಾದರೂ ಸಿಕ್ಕಿಕೊಂಡ್ರೆ ತುದಿಯೇ ಕಿತ್ತು, ಮೀನು ತಪ್ಪಿಸ್ಕೋಬೇಕು. ಇಲ್ದಿದ್ರೆ ಆ ಪ್ರಾಣಿ ಸೀಸದ ಗುಂಡು, ಮಾರುಗಟ್ಟಲೆ ದಾರ ಎಲ್ಲಾ ಎಳ್ಕೊಂಡು ತಿರುಗಿ ಸಾಯುತ್ತೆ.

ಮೆತ್ತಗೂ ಇರಬೇಕು ಗಟ್ಟಿಗೂ ಇರಬೇಕು ಅಂದ್ರೆ ಏನು ಹಾಕೋದು? ಹಳೇ ಕಾಲದಲ್ಲಿ ಕುದುರೆ ಬಾಲದ ಕೂದಲು. ಐಜಾಕ್ ವಾಲ್ಟನ್ ಅನ್ನೋರು 1653ರಲ್ಲಿ ಮೀನು ಹಿಡಿಯೋದರ ಮೇಲೆ ದೊಡ್ಡ ಪುಸ್ತಕ ಬರೆದಾಗ ಇದ್ದಿದ್ದು ಅದೇ. ನಾಲ್ಕಾರು ಕೂದಲು ಹೊಸೆದು, ತುದಿಗೆ ಬರ್ತಾ ಬರ್ತಾ ಕಡಿಮೆ ಮಾಡೋರು. ಗಂಡು ಕುದುರೇದೇ ಆಗಬೇಕಂತೆ, ಹೆಣ್ಣು ಕುದುರೆ ಬಾಲ ಉಚ್ಚೇಲಿ ನೆನೆದು ಬಲ ಕಳ್ಕೊಳ್ಳುತ್ತಂತೆ! ಅಲ್ಲೂ ತಪ್ಪು ಹೆಣ್ಣಿನ ಮೇಲೇನೇ ನೋಡಿ. ಆಮೇಲೆ ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ಅನ್ನೋ ಅಧಿಕಾರಿ 1667ರ ದಿನಚರೀಲಿ, ಕರುಳಿನ ವಾದ್ಯದ ತಂತಿಗೆ ವಾರ್ನಿಷ್ ಬಳಿದು ಗಾಳಕ್ಕೆ ಕಟ್ಟಿದ್ದನ್ನ ಬರೆದಿದ್ದಾರೆ. ಕೂದಲಿಗಿಂತ ಸಣ್ಣ, ಕೂದಲಿಗಿಂತ ಗಟ್ಟಿ ಅಂತ. ರೇಷ್ಮೆ ಹುಳದ ಎಳೆ ಬರೋದು 1724ರಲ್ಲಿ ಜೇಮ್ಸ್ ಸಾಂಡರ್ಸ್ ಅನ್ನೋರ ಪುಸ್ತಕದಲ್ಲಿ. ಅಲ್ಲಿಂದ ಹೆಚ್ಚು ಕಡಿಮೆ ಇನ್ನೂರು ವರ್ಷ ಅದರದ್ದೇ ರಾಜ್ಯ.

ಅದನ್ನ ಮಾಡ್ತಿದ್ದಿದ್ದು ಸ್ಪೇನ್ ದೇಶದ ಮುರ್ಸಿಯಾ ಸೀಮೇಲಿ. ನಾಲ್ಕು ಜ್ವರ ಎದ್ದು, ಸೊಪ್ಪು ಬಿಟ್ಟು, ಇನ್ನೇನು ಗೂಡು ಕಟ್ಟಬೇಕು ಅನ್ನೋ ಹೊತ್ತಿಗೆ ಹುಳನ ವಿನಿಗರ್‌ನಲ್ಲಿ ಹಾಕಿ ನೆನೆಸೋರು. ನಮ್ಮಲ್ಲಿ ಮೈ ಹೊಳೆಯೋ ಹಣ್ಣು ಹುಳ ಅಂತೀವಲ್ಲ, ಅದನ್ನೇ. ಆಮೇಲೆ ಮೈ ಬಿಡಿಸಿ ಒಳಗಿನ ಎರಡು ರೇಷ್ಮೆ ಚೀಲ ತೆಗೆಯೋರು. ಕರುಳು ಅಂತ ಹೆಸರು ಅಷ್ಟೇ, ಅದು ಕರುಳಲ್ಲ, ಹುಳ ನೂಲಬೇಕಿದ್ದ ರೇಷ್ಮೆಯೇ. ಒಂದೊಂದು ಚೀಲನ ಎರಡು ತುದಿ ಹಿಡಿದು ಒಂದೇ ಸಮ ಎಳೆದ್ರೆ ಗೇಣಿಂದ ಮೊಳದವರೆಗೆ ಒಂದು ಎಳೆ. ಒಂದು ಹುಳಕ್ಕೆ ಎರಡೇ ಎಳೆ. ನಮ್ಮಲ್ಲಿ ಒಂದು ಗೂಡು ಬಿಚ್ಚಿದ್ರೆ ನೂರಾರು ಮಾರು ನೂಲು ಬರುತ್ತೆ!

ಕೇಳಿ ಮೈ ಜುಮ್ಮೆಂತು. ಮೂರು ವಾರಕ್ಕೂ ಮೇಲೆ ಮಗೂ ಥರ ಸಾಕಿ, ಇರುವೆ ಬರದ ಹಾಗೆ ಕಾದು, ಗೂಡು ಕಟ್ಟೋ ದಿನ ವಿನಿಗರ್‌ಗೆ ಹಾಕೋದೇ? ಆಮೇಲೆ ಅನ್ನಿಸ್ತು, ಬೈಯೋಕೆ ನಮಗೇನು ಬಾಯಿದೆ, ನಾವೂ ಜೀವ ಇರೋ ಗೂಡನ್ನೇ ಬಿಸಿನೀರಿಗೆ ಹಾಕಿಸೋರು.

ಎಳೆ ದಪ್ಪ ಆಯ್ತು ಅಂದ್ರೆ ತಟ್ಟೆಯ ಸಣ್ಣ ತೂತಲ್ಲಿ ಎಳೆದು ಸಣ್ಣ ಮಾಡೋರು. ಒಣಗಿದ್ದಾಗ ಪಟ್ ಅಂತ ಮುರಿಯುತ್ತೆ. ಅದಕ್ಕೇ ಮೀನಿಗೆ ಹೋಗೋ ಮುಂಚೆ, ನಾವು ಕಾಳು ನೆನೆಹಾಕೋ ಹಾಗೆ, ನೀರಲ್ಲಿ ನೆನೆಸಿಯೇ ಗಂಟು ಹಾಕಬೇಕು. ತಾತನ ಡಬ್ಬೀಲಿ ಒದ್ದೆ ಮಾಡೋ ಬಟ್ಟೆ ತುಂಡು ಇದ್ದಿದ್ದು ಅದಕ್ಕೇ. ಮೊಳಕ್ಕಿಂತ ಉದ್ದ ಬೇಕಂದ್ರೆ ಗಂಟು ಹಾಕಲೇಬೇಕು, ಗಂಟು ಬಿದ್ದ ಜಾಗವೇ ಮೊದಲು ಕಿತ್ತೋಗೋದು.

ನಮ್ಮ ಕಡೆಗೂ ಈ ವಿದ್ಯೆ ಬಂದಿತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ಮಂಗಳೂರಲ್ಲೇ, ಬಾಸೆಲ್ ಮಿಷನ್ ಪ್ರೆಸ್ಸಲ್ಲಿ, ಇಂಡಿಯಾದ ಗಾಳದ ಮೀನುಗಾರಿಕೆ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ್ರು. ಅವರಿಗೆ ಮೆಚ್ಚಿನದು ನಮ್ಮ ಹೊಳೆಗಳ ಮಹಶೀರ್. ಆಗ ಅದರ ವಿಜ್ಞಾನದ ಹೆಸರಲ್ಲೂ ಬಾರ್ಬಸ್ ಅಂತಲೇ ಇತ್ತು, ಬಾರ್ಬೆಲ್ಲಿನ ನೆಂಟ. ಶೃಂಗೇರೀಲಿ ಮಂಡಕ್ಕಿ ಹಾಕುವಾಗ ಬಾಯಿ ತೆರ್ಕೊಂಡು ಬರ್ತಾವಲ್ಲ, ಆ ಕುಲದ್ದೇ.

ಕೊನೆಗೆ ಹುಳದ ಎಳೇನ ಓಡಿಸಿದ್ದು ನೈಲಾನ್. ಅಮೆರಿಕದ ಡ್ಯುಪಾಂಟ್ ಕಂಪನೀಲಿ ವಾಲೇಸ್ ಕರೋದರ್ಸ್ ಅವರ ತಂಡ 1935ರಲ್ಲಿ ಕಂಡುಹಿಡೀತು. 1940ರಲ್ಲಿ ಹೆಂಗಸರ ಕಾಲ್ಚೀಲ ಆಗಿ ಅಂಗಡಿಗೆ ಬಂತು, ಯುದ್ಧದಲ್ಲಿ ಪ್ಯಾರಾಚೂಟ್ ಆಯ್ತು, ಯುದ್ಧ ಮುಗಿದ ಮೇಲೆ ಗಾಳದಲ್ಲಿ ಎಲ್ಲೆಡೆ ಬಳಕೆಗೆ ಬಂತು. ಎಷ್ಟುದ್ದ ಬೇಕಾದ್ರೂ ಸಿಗುತ್ತೆ, ನೆನೆಸೋ ಹಾಗಿಲ್ಲ, ಕೊಳೆಯಲ್ಲ. ನಮ್ಮ ಮನೆಗಳಿಗೆ ನೈಲಾನ್ ಸೀರೆ ಬಂದಾಗ ಒಗೆಯೋಕೆ ಎಷ್ಟು ಹಗುರ ಅಂತ ಖುಷಿಪಟ್ಟವರು ನಾವು. ಅಲ್ಲಿ ಮುರ್ಸಿಯಾದಲ್ಲಿ ಅದೇ ನೈಲಾನು ಎಷ್ಟೋ ಮನೆಯೋರ ಕೈ ಕೆಲಸ ತೆಗೀತು. ಪವರ್ ಲೂಮ್ ಬಂದಾಗ ಕೈಮಗ್ಗದೋರ ಪಾಡು ನೋಡಿದೋರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಈಗ ತಾತನ ಪೆಟ್ಟಿಗೇಲಿ ಮೂರು ಥರ ಇದೆ. ನೈಲಾನು ಅಗ್ಗ, ಆದರೆ ನೀರು ಕುಡಿದು ಬಲ ಕಡಿಮೆ ಆಗುತ್ತೆ, ಜಗ್ಗುತ್ತೆ. ಹೆಣೆದ ದಾರ ಜಡೆಯ ಕುಚ್ಚಿನಷ್ಟು ಮೆತ್ತಗೆ, ಮೀಸೆಗೆ ಗೊತ್ತೇ ಆಗಲ್ಲ, ಆದರೆ ಚೂಪು ಕಲ್ಲಿಗೆ ಉಜ್ಜಿದ್ರೆ ಎಳೆ ಎಳೆ ಬಿಡುತ್ತೆ. ಫ್ಲೋರೋಕಾರ್ಬನ್ ಅನ್ನೋದು ನೀರಲ್ಲಿ ಅಷ್ಟಾಗಿ ಕಾಣಲ್ಲ, ತಳಕ್ಕೆ ಕೂರುತ್ತೆ, ಉಜ್ಜಿದ್ರೂ ತಾಳುತ್ತೆ, ಆದರೆ ಬಿರುಸು. ಹೊಳೆ ತಿಳಿಯಾಗಿ ಕಲ್ಲಿರೋ ಕಡೆ ಅವರು ಫ್ಲೋರೋಕಾರ್ಬನ್ ಕಟ್ಟೋರು, ಮರಳಿನ ಕಡೆ ಹೆಣೆದದ್ದು. ಎಲ್ಲ ಹಾಕಿ ನೋಡಿ, "ನಮ್ಮಪ್ಪನ ಎಳೆಯಷ್ಟು ಚೆಂದ ಯಾವುದೂ ಇಲ್ಲ" ಅನ್ನೋರು.

ಹಿಡಿದ ಮೀನು ಅವರು ತಿನ್ನಲ್ಲ. ಒಂದು ಸಂಜೆ ನಾನೂ ಹೋಗಿದ್ದೆ. ಬಾರ್ಬೆಲ್ ಸೋಲೋವರೆಗೂ ಎಳೆದಾಡುತ್ತೆ, ತಕ್ಷಣ ಬಿಟ್ರೆ ಮಗುಚಿಕೊಳ್ಳುತ್ತಂತೆ. ಅದಕ್ಕೇ ತಾತ ಮಂಡಿವರೆಗೂ ನೀರಿಗಿಳಿದು, ಹರಿವಿಗೆ ಅದರ ಮುಖ ಮಾಡಿ, ಎರಡು ಕೈಲಿ ಹಿಡ್ಕೊಂಡೇ ನಿಂತಿದ್ರು. ಅದಾಗೇ ಬಾಲ ಬೀಸಿ ಹೋಗೋವರೆಗೆ.

ಹೊರಡೋ ದಿನ ಡಬ್ಬಿಯಿಂದ ಒಂದು ಎಳೆ ಕೊಟ್ರು. ಊರಿಗೆ ಬಂದು ಅವ್ವನ ಕೈಲಿಟ್ಟೆ. ಅವಳಿಗೀಗ ಕಣ್ಣು ಮಂಜು. ಲೋಟದ ನೀರಲ್ಲಿ ಒಂದು ಗಳಿಗೆ ಬಿಟ್ಟು ಬೆರಳಲ್ಲಿ ಉಜ್ಜಿ ನೋಡಿದ್ಲು. "ನಮ್ಮ ಹಳದಿ ಗೂಡಿನ ಜಾತಿನಾ, ಬಿಳಿ ಗೂಡಿಂದಾ?" ಅಂದ್ಲು. ನಾನು ಅದನ್ನ ಕೇಳ್ಕೊಂಡೇ ಬಂದಿರ್ಲಿಲ್ಲ.