ಸೀಮೆಯ ಮೇಲಿನ ಸೇತುವೆ

ಸಯನ್ ಸ್ಟೇಷನ್ನಿಗೆ ಮರಾಠಿಯಲ್ಲಿ 'ಶೀವ' ಎಂದು ಹೆಸರು. ನಮ್ಮ 'ಸೀಮೆ'ಯೇ ಅದು. ಗ್ರಾಮ ಮರಾಠಿಯಲ್ಲಿ ಗಾಂವ್ ಆದಂತೆ, ನಾಮ ನಾಂವ್ ಆದಂತೆ, ಸೀಮಾ ಶೀವ ಆಯಿತು. ಇಂಗ್ಲಿಷರ ಬಾಯಲ್ಲಿ ಸಯನ್. ಹದಿನೇಳನೇ ಶತಮಾನದಲ್ಲಿ ಇಂಗ್ಲಿಷರ ನೆಲ ಇಲ್ಲಿಗೆ ಮುಗಿದು, ಆಚೆ ಪೋರ್ಚುಗೀಸರ ಸಾಷ್ಟಿ ಶುರುವಾಗುತ್ತಿತ್ತು. ಗುಡ್ಡದ ಮೇಲಿನ ಕೋಟೆ ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದ್ದು. 1950ರಲ್ಲಿ ಉಪನಗರಗಳು ಸೇರುವ ತನಕ ಮುಂಬಯಿ ನಗರಪಾಲಿಕೆಯ ಗಡಿಯೂ ಹೆಚ್ಚುಕಡಿಮೆ ಇಲ್ಲೇ ಇತ್ತು.

ಈಗಿನ ಸೀಮೆಗಳು ಕಣ್ಣಿಗೆ ಕಾಣುವುದಿಲ್ಲ. ಸ್ಟೇಷನ್ ಪಕ್ಕದ 1912ರ ಮೇಲ್ಸೇತುವೆಯನ್ನು ನೋಡಿ. ಹಳಿಗಳ ಮೇಲಿನ ಭಾಗ ರೈಲ್ವೆಯದು, ಅಂದರೆ ಕೇಂದ್ರದ್ದು. ಎರಡೂ ಕಡೆಯ ಕೂಡುರಸ್ತೆ ಪಾಲಿಕೆಯದು. ಅದರ ಮೇಲೆ ವಾಹನ ಬಿಡುವ, ತಡೆಯುವ ಪೊಲೀಸರು ರಾಜ್ಯದವರು. ಹಲವು ಸಲ ಮುಂದೂಡಿ, ಕಡೆಗೆ 2024ರ ಆಗಸ್ಟ್ 1ರಂದು ಅದನ್ನು ಕೆಡವಲು ಮುಚ್ಚಿದರು. ಹತ್ತಿರದ ಸಯನ್ ಆಸ್ಪತ್ರೆಗೆ ಹೋಗುವವರು ಸುತ್ತು ಹಾಕಬೇಕಾಯಿತು. ಆ ಆಸ್ಪತ್ರೆಯೂ ಪಾಲಿಕೆಯದೇ.

ಯಾರನ್ನು ಕೇಳುವುದು? ವಾರ್ಡಿನ ನಗರಸೇವಕರನ್ನು ಅನ್ನೋಣವೆಂದರೆ ಅವರೇ ಇರಲಿಲ್ಲ. ಪಾಲಿಕೆ ಸದಸ್ಯರ ಅವಧಿ 2022ರ ಮಾರ್ಚ್ 7ಕ್ಕೆ ಮುಗಿದಿತ್ತು. ಮೂರು ವರ್ಷ ಕಳೆದರೂ ಚುನಾವಣೆ ಇಲ್ಲ. ಆದರೂ ಕಚೇರಿ ನಡೆಯುತ್ತಲೇ ಇತ್ತು. ಅದಕ್ಕೆ ಕಾರಣ ತುಂಬ ಹಳೆಯದು.

1865ರಲ್ಲಿ ಆರ್ಥರ್ ಕ್ರಾಫರ್ಡ್ ಇಲ್ಲಿನ ಮೊದಲ ಮುನಿಸಿಪಲ್ ಕಮಿಷನರ್ ಆದ. ಕೆಲಸಗಾರ, ಆದರೆ ಕೈ ಬಿಗಿಯಿಲ್ಲ. ಸಾಲ ಏರಿ, ತೆರಿಗೆದಾರರು ಸಿಡಿದೆದ್ದು, 1871ರಲ್ಲಿ ಹುದ್ದೆ ಬಿಡಬೇಕಾಯಿತು. ಆಗ ಫಿರೋಜ್‌ಶಾ ಮೆಹ್ತಾ ವಾದಿಸಿದ್ದು ಕುತೂಹಲದ್ದು: ತೆರಿಗೆದಾರರು ಆರಿಸಿದ ಸಭೆ ಬೇಕು, ಆದರೆ ಕಾರ್ಯಭಾರ ಸರ್ಕಾರ ನೇಮಿಸಿದ ಒಬ್ಬನೇ ಅಧಿಕಾರಿಯ ಕೈಯಲ್ಲಿರಲಿ. ಸಭೆ ಅವನ ಮೇಲೆ ಕಣ್ಣಿಡಬೇಕು. 1888ರ ಕಾಯ್ದೆ ಹೆಚ್ಚುಕಡಿಮೆ ಇದನ್ನೇ ಬರೆದುಕೊಂಡಿತು, ಇಂದಿಗೂ ಅದೇ ಚಾಲ್ತಿಯಲ್ಲಿದೆ. ಮೇಯರರಿಗೆ ಗೌರವ, ಕಮಿಷನರರಿಗೆ ಅಧಿಕಾರ, ನೇಮಿಸುವುದು ರಾಜ್ಯ. ಕಣ್ಣಿಡುವ ಸಭೆಯೇ ಇಲ್ಲದೆ ಹೋದರೆ ಏನು ಎಂಬುದು ಮೆಹ್ತಾರ ಲೆಕ್ಕದಲ್ಲಿ ಇದ್ದಂತಿಲ್ಲ.

ಸಂವಿಧಾನ ಸ್ಥಳೀಯ ಆಡಳಿತವನ್ನು ರಾಜ್ಯಪಟ್ಟಿಯಲ್ಲಿ ಇಟ್ಟಿದೆ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ, ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದಿತು. ಆದರೆ ವಾರ್ಡುಗಳು ಎಷ್ಟೆಂಬುದು ರಾಜ್ಯದ ಕಾನೂನಿಗೆ ಸೇರಿದ್ದು. ಒಂದು ಸರ್ಕಾರ 227ನ್ನು 236 ಮಾಡಿತು, 2022ರಲ್ಲಿ ಬಂದ ಇನ್ನೊಂದು ಮತ್ತೆ 227 ಮಾಡಿತು. ಹಿಂದುಳಿದ ವರ್ಗಗಳ ಮೀಸಲಾತಿಯ ಮೊಕದ್ದಮೆ ಬೇರೆ. ದಿನ ಹೋಗಲು ಇಷ್ಟು ಸಾಕು. ಬೆಂಗಳೂರಿನ ಓದುಗರಿಗೆ ಇದು ಹೊಸತಲ್ಲ. ಅಲ್ಲಿ 2020ರ ಸೆಪ್ಟೆಂಬರಿನಿಂದ ಆಡಳಿತಾಧಿಕಾರಿ ಕೂತಿದ್ದರು.

ಮುಂಬಯಿಯಲ್ಲಿ ಕಮಿಷನರರೇ ಆಡಳಿತಾಧಿಕಾರಿಯಾದರು. ಹಾಗಾಗಿ ಆ ವರ್ಷಗಳಲ್ಲಿ ಬಜೆಟ್ ತಯಾರಿಸಿದ ಕಚೇರಿಯೇ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟುಕೊಂಡಿತು. ಪಾಲಿಕೆಯ ಕನ್ನಡ ಶಾಲೆಗಳ ದುಡ್ಡೂ ಅದರಲ್ಲೇ ಇತ್ತು.